ಧಾರಾವಾಹಿಯ ಬ್ರಹ್ಮ

ಹಣೆಯಲ್ಲಿ ಒಮ್ಮೆ ಬರೆದುದನ್ನು ಅಳಿಸುವ ಅಧಿಕಾರ ಬ್ರಹ್ಮನಿಗೂ ಇಲ್ಲವೆಂದು ಹಿರಿಯರು ಹೇಳುವರು. ಆದರೆ ವಾರಪತ್ರಿಕೆಗೆ ಧಾರಾವಾಹಿ ಬರೆಯುವ ನಮ್ಮ ಬಸವನಗುಡಿಯ ಕಾದಂಬರಿಕಾರರು, ತಮ್ಮ ಪಾತ್ರಗಳ ಹಣೆಯಲ್ಲಿ ಸೋಮವಾರ ಬರೆದುದನ್ನು ಬುಧವಾರ ಹಾಲಿನವಳ ಮುಖ ನೋಡಿ ತಿದ್ದಬಲ್ಲರಾದುದರಿಂದ, ಆ ಮಟ್ಟಿಗೆ ಬ್ರಹ್ಮನಿಗಿಂತ ಒಂದು ಕೈ ಮೇಲೆಂದೇ ಒಪ್ಪಬೇಕು. ಹಗಲೆಲ್ಲ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು, ಸಂಜೆ ಗಾಂಧಿಬಜಾರಿನಲ್ಲಿ ಒಂದು ಲೋಟ ಕಾಫಿ ಕುಡಿದು, ಎದುರಿಗೆ ಬಂದವರ ಮುಖವನ್ನು ಅಳೆಯುವಂತೆ ದಿಟ್ಟಿಸುತ್ತ ಮನೆಗೆ ಹಿಂದಿರುಗುವ ಈ ಮಹನೀಯರನ್ನು ಕಂಡೊಡನೆ, ತಮ್ಮನ್ನೆಲ್ಲಿ ಕಾದಂಬರಿಗೆ ಹಾಕಿಬಿಡುವರೋ ಎಂದು ಅಂಜುವವರು ಕೆಲವರು. ಇನ್ನೂ ಹಾಕಲಿಲ್ಲವಲ್ಲ ಎಂದು ಒಳಗೊಳಗೇ ಮುನಿಯುವವರು ಹಲವರು.

ಪೂರ್ವಸೂರಿಗಳಲ್ಲಿ ಅವರಿಗೆ ಅಪಾರ ಭಕ್ತಿ. 1899ರಲ್ಲಿ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ಯನ್ನು ಪ್ರಕಟಿಸಿದುದನ್ನು ತಮ್ಮ ವಂಶದ ಮೂಲಪುರುಷನ ಕಥೆಯೆಂಬಂತೆ ವರ್ಣಿಸುವರು. ಗಳಗನಾಥರು ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರೆಂಬ ಮಾತು ಬಂದಾಗ ಕಣ್ಣಾಲಿಗಳು ತುಂಬುವುವಾದರೂ, ಗಂಟು ಹೊರುವ ಭಾಗವನ್ನು ಪ್ರಕಾಶಕರಿಗೇ ಬಿಟ್ಟಿರುವರು. ಅನಕೃ ಅವರ ಕಾದಂಬರಿಗಳ ಸಂಖ್ಯೆ ನೂರು ದಾಟಿತೆಂದು ತಿಳಿದ ರಾತ್ರಿ ಮಾತ್ರ ಇವರಿಗೆ ಅನ್ನ ಸೇರಲಿಲ್ಲವಂತೆ. ಇದನ್ನು ಇವರ ಧರ್ಮಪತ್ನಿಯವರು ನಮ್ಮ ಮನೆಯಲ್ಲಿ ಹೇಳಿದ್ದು.

ಸದ್ಯ ಅವರನ್ನು ಬಾಧಿಸುತ್ತಿರುವುದು ಕಥಾನಾಯಕಿಯ ಕ್ಷಯರೋಗ. ಹಿಂದಿನ ಕಾಲದಲ್ಲಿ ಇದೊಂದು ತೊಂದರೆಯೇ ಆಗಿರಲಿಲ್ಲ. ನಾಯಕಿಯು ಎರಡು ಸಲ ಕೆಮ್ಮಿ ಕರವಸ್ತ್ರದಲ್ಲಿ ರಕ್ತ ಕಂಡಳೆಂದರೆ ಓದುಗರು ವಿಷಯ ತಿಳಿದು ಕಣ್ಣೊರೆಸಿಕೊಳ್ಳಲು ಸಿದ್ಧರಾಗುತ್ತಿದ್ದರು, ಕಾದಂಬರಿಕಾರನು ಅವಳನ್ನು ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಿಟೋರಿಯಮ್ಮಿಗೋ ಮದನಪಲ್ಲಿಗೋ ಸಾಗಿಸಿ, ಮರಗಳ ನೆರಳಿನಲ್ಲಿ ಮಂಚ ಹಾಕಿಸಿ, ಸಾವಕಾಶವಾಗಿ ನಾಲ್ಕು ಅಧ್ಯಾಯಗಳಲ್ಲಿ ಪ್ರಾಣ ಬಿಡಿಸುತ್ತಿದ್ದನು. 1943ರಲ್ಲಿ ಅಮೆರಿಕದವರು ಸ್ಟ್ರೆಪ್ಟೊಮೈಸಿನ್ ಎಂಬ ಮದ್ದನ್ನು ಕಂಡುಹಿಡಿದು ಲೋಕಕ್ಕೆ ಉಪಕಾರವನ್ನೂ ನಮ್ಮವರ ವೃತ್ತಿಗೆ ಅಪಾರ ಹಾನಿಯನ್ನೂ ಮಾಡಿದರು. ಸೂಜಿ ಹಾಕಿಸದೆ ನಾಯಕಿಯನ್ನು ಕೊಂದರೆ ಓದುಗರು ವೈದ್ಯನನ್ನು ಬಯ್ಯುವರು, ಹಾಕಿಸಿದರೆ ಅವಳು ಎದ್ದು ಕೂರುವಳು, ಎದ್ದು ಕೂತರೆ ಕಥೆ ಮುಗಿಯಿತು. ಕಥೆ ಮುಗಿದರೆ ತಿಂಗಳ ಮನಿಯಾರ್ಡರು ನಿಂತಿತು!

ಆದರೂ ಕಲೆಗೆ ದಯೆಯಿಲ್ಲವೆಂದು ಸಾರಿ, ಅವರು ಕಳೆದ ತಿಂಗಳು ಮರಣಾಧ್ಯಾಯವನ್ನು ಬರೆಯಲು ಕುಳಿತೇಬಿಟ್ಟರು. ಸುದ್ದಿ ಹೇಗೋ ಹೊರಬಿತ್ತು. ಪ್ರತಿ ವಾರ ಮಗಳಿಂದ ಓದಿಸಿ ಕೇಳುವ ಹಾಲಿನವಳು, ಅಳತೆಯ ಪಾವನ್ನು ಹೊಸ್ತಿಲ ಮೇಲಿಟ್ಟು, “ಸೋಮಿ, ಆ ಮಗೀನ ಸಾಯಿಸ್ಬ್ಯಾಡಿ, ನಿಮ್ ಮನ್ಯಾಗೂ ಹೆಣ್ಮಕ್ಳವ್ರೆ” ಎಂದು ಕೈಮುಗಿದಳು. ಬಾಡಿಗೆ ಪುಸ್ತಕದಂಗಡಿಯವರು ದುಃಖಾಂತಕ್ಕೆ ಗಿರಾಕಿಗಳು ಕಡಮೆಯೆಂದು ಸೂಚಿಸಿದರು. ಕೊನೆಗೆ ಧರ್ಮಪತ್ನಿಯವರು ಒಳಗಿನಿಂದಲೇ, “ಅವಳು ಹೋದರೆ ದೀಪಾವಳಿಗೆ ಸೀರೆಯೂ ಹೋದಂತೆ, ನೋಡಿಕೊಳ್ಳಿ” ಎಂದರು. ಕಲೆಯು ದಯೆ ತೋರಿತು. ನಾಯಕಿಗೆ ಚುಚ್ಚುಮದ್ದು ಬಿದ್ದಿತು. ಜ್ವರ ಇಳಿದು ಗಂಜಿ ಕುಡಿದಳು.

ಆ ಸಂಚಿಕೆ ಬಂದ ಮರುದಿನ, ನಾನೂ ಅಲ್ಲಿಯೇ ಜಗುಲಿಯ ಮೇಲೆ ಕುಳಿತಿದ್ದಾಗ, ಮೂಲೆಯ ದವಾಖಾನೆಯ ಕಾಂಪೌಂಡರು ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದು ಕೆರಳಿ ಬಂದರು.

“ಏನು ಸ್ವಾಮಿ, ಅನ್ಯಾಯವಲ್ಲವೆ ಇದು? ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಿದ್ದೀರಿ. ಜೊತೆಗೆ ಐಸೋನಿಯಜಿಡ್ ಮಾತ್ರೆಯಾದರೂ ಬೇಡವೆ? ಹೀಗೆ ಒಂದೇ ಮದ್ದು ನೆಚ್ಚಿಕೊಂಡರೆ ಆರು ತಿಂಗಳಿಗೋ ವರ್ಷಕ್ಕೋ ರೋಗ ಮರುಕಳಿಸುತ್ತದೆ. ಆಗ ಆ ಮದ್ದೂ ನಾಟುವುದಿಲ್ಲ!”

ಕಾದಂಬರಿಕಾರರ ಮುಖದಲ್ಲಿ ನಾನೆಂದೂ ಕಾಣದ ಕಾಂತಿ ಮೂಡಿತು.

“ಮರುಕಳಿಸುತ್ತದೆಯೆ?” ಎಂದು ಮೆಲ್ಲನೆ ಕೇಳಿ, ಕಾಂಪೌಂಡರ ಕೈಹಿಡಿದು ತಮ್ಮ ಕುರ್ಚಿಯಲ್ಲಿಯೇ ಕೂರಿಸಿ, “ಲೇ, ಇವರಿಗೆ ಗಟ್ಟಿ ಡಿಕಾಕ್ಷನ್ನಿನ ಕಾಫಿ ತಾ” ಎಂದು ಒಳಕ್ಕೆ ಕೂಗುತ್ತ, ಲೇಖನಿಗೆ ಶಾಯಿ ತುಂಬತೊಡಗಿದರು.