ಮನ್ಮಥನಿಗೊಂದು ಬಹಿರಂಗ ಪತ್ರ

ಶ್ರೀಮಾನ್ ಮನ್ಮಥರಾಯರಿಗೆ,

ಉಭಯ ಕುಶಲೋಪರಿ ಎಂದು ಶುರುಮಾಡುವುದು ವಾಡಿಕೆ. ಆದರೆ ಬೆಂಗಳೂರಿನ ರಾಕ್ ಸಂಗೀತದ ಹುಡುಗ ಹುಡುಗಿಯರ ಮಟ್ಟಿಗೆ ಇತ್ತ ಕುಶಲವೇನೂ ಕಾಣುತ್ತಿಲ್ಲ. ರೆಸ್ಟ್ ಹೌಸ್ ರಸ್ತೆಯಲ್ಲಿ ಪೆಕೋಸ್ ಪಬ್ ಬಾಗಿಲು ತೆರೆದದ್ದು 1989ರಲ್ಲಿ. ಅಂದಿನಿಂದ ಊರಲ್ಲಿ ಗಿಟಾರುಗಳು ಹೆಚ್ಚಿದವು, ಒಂಟಿಗಳೂ ಹೆಚ್ಚಿದರು. ತಾವು ಮಾತ್ರ ಈ ಕಡೆ ತಲೆಹಾಕಿದ ಗುರುತಿಲ್ಲ.

ತಮ್ಮ ತೊಂದರೆ ಅರ್ಥವಾಗುವಂಥದ್ದೇ. ತಮ್ಮದು ಕಬ್ಬಿನ ಬಿಲ್ಲು, ಅದರ ಹೆದೆಯೋ ದುಂಬಿಗಳ ಸಾಲು. ಆ ಝೇಂಕಾರ ಲಾಲ್‌ಬಾಗಿನಲ್ಲಾದರೆ ಕೇಳೀತು. ಆಳೆತ್ತರದ ಸ್ಪೀಕರಿನ ಮುಂದೆ ಯಾರ ಕಿವಿಗೆ ಬೀಳಬೇಕು? 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿತು. ಎರಡು ದಿನ ಮೊದಲು ಗುರಗಾಂವ್ ಕಾರ್ಯಕ್ರಮ ರದ್ದಾಗಿದ್ದರಿಂದ, ಇಲ್ಲಾದರೂ ನಡೆಯುತ್ತದೋ ಇಲ್ಲವೋ ಎಂದು ಕಪ್ಪು ಟೀ ಶರ್ಟುಗಳ ಒಳಗೆಲ್ಲ ಎದೆ ಡವಡವ. ಅಷ್ಟು ಡವಡವದಲ್ಲಿ ತಮ್ಮ ಪಾಲಿನದು ಎಷ್ಟಿತ್ತೋ, ತಾವೇ ಹೇಳಬೇಕು.

ಮಳೆಯನ್ನೂ ಕಳಿಸಿ ನೋಡಿದ್ದಾಯಿತು. 2003ರ ಏಪ್ರಿಲ್ 4ರಂದು ಅದೇ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡುವಾಗ ಧೋ ಎಂದು ಸುರಿಯಿತು. ಅಷ್ಟೇ ಮಳೆಯನ್ನು ನಂಬಿ 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಇಡೀ ರಾಜ್ಯವನ್ನೇ ಪ್ರೇಮಕ್ಕೆ ಕೆಡವಿತು. ಸ್ಟೋನ್ಸ್ ಅಭಿಮಾನಿಗಳೋ, ತೊಪ್ಪೆಯಾಗಿ ನಿಂತು ಕೀತ್ ರಿಚರ್ಡ್ಸ್‌ನ ಬೆರಳನ್ನೇ ನೋಡುತ್ತಿದ್ದರು.

ಹಾಗೆಂದು ತಪ್ಪೆಲ್ಲ ಸದ್ದಿನದಲ್ಲ. ಪ್ರತಿ ಗುಂಪಿನಲ್ಲೂ ಒಬ್ಬ ಪರೀಕ್ಷಕನಿರುತ್ತಾನೆ. ಹುಡುಗಿಯೊಬ್ಬಳು ಮೆಟಾಲಿಕಾ ಟೀ ಶರ್ಟು ತೊಟ್ಟು ಬಂದಳೋ, ಇವನು ಕೈಕಟ್ಟಿ ವೈವಾ ಶುರುಮಾಡುತ್ತಾನೆ: ಹಾಗಾದರೆ ಮೆಟಾಲಿಕಾದ ಮೊದಲ ಬೇಸ್ ಗಿಟಾರ್ ವಾದಕ ಯಾರು? ಅವಳು ಬಿಯರಿನ ನೊರೆ ಒರೆಸಿಕೊಂಡು, “ರಾನ್ ಮೆಕ್‌ಗವ್ನಿ” ಅನ್ನುತ್ತಾಳೆ. “ತಪ್ಪು, ಕ್ಲಿಫ್ ಬರ್ಟನ್!” ಎಂದು ಇವನು ಗೆದ್ದು ಬೀಗುತ್ತಾನೆ. ಉತ್ತರ ಅವಳದೇ ಸರಿ. ಬರ್ಟನ್ ಆಮೇಲೆ ಬಂದವನು. ಅವಳು ಜಗ್ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಾಳೆ. ಒಳ್ಳೆಯ ಹುಡುಗಿಯರೇ ಸಿಗುವುದಿಲ್ಲ ಎಂದು ಇವನು ಮುಂದಿನ ಮೂರು ತಿಂಗಳು ಗೆಳೆಯರ ತಲೆ ತಿನ್ನುತ್ತಾನೆ.

ಈ ಪರೀಕ್ಷೆ ನಿಲ್ಲುವುದನ್ನೂ ಕಂಡವರಿದ್ದಾರೆ. ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದ ಎತ್ತಿಕೊಂಡರೆ ಮುಗಿಯಿತು, ಯಾರಿಗೆ ಎಷ್ಟು ಗೊತ್ತು ಎಂಬ ಲೆಕ್ಕ ಬಿಟ್ಟು ಎಲ್ಲರೂ ಕುಣಿಯುತ್ತಾರೆ. ಜಗತ್ತು ಮಾಯೆ ಎಂದ ಅಜ್ಜನ ಪದಕ್ಕೆ ಜೋಡಿಗಳು ಕೂಡುವುದು ತಮಗೆ ಕೊಂಚ ಇರುಸುಮುರುಸಾದೀತು. ಕ್ಷಮೆಯಿರಲಿ.

ಇನ್ನು ಶಿವನ ಮೂರನೇ ಕಣ್ಣಿನ ವಿಷಯ. ಆ ಭಯ ತಮಗಿರುವುದು ಸಹಜವೇ. ಈ ಊರಲ್ಲಿ ಅದು ಪೊಲೀಸ್ ಇಲಾಖೆಯ ವಶದಲ್ಲಿದೆ. ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ಎಷ್ಟೋ ಪಬ್ಬುಗಳಲ್ಲಿ ಡ್ರಮ್ಮು ಮೂಲೆ ಸೇರಿತು. ಬಯಲಿನಲ್ಲಾದರೆ 2000ದ ಶಬ್ದಮಾಲಿನ್ಯ ನಿಯಮವಿದೆ: ರಾತ್ರಿ ಹತ್ತಾದರೆ ಧ್ವನಿವರ್ಧಕ ಬಂದ್.

ಆದರೆ ತಮಗೆ ಅನುಕೂಲವಾಗುವುದೂ ಆ ಹತ್ತು ಗಂಟೆಯೇ. ಅರಮನೆ ಮೈದಾನದಿಂದ ಮೇಖ್ರಿ ವೃತ್ತದ ಕಡೆ ಜನ ಹೊರಬರುತ್ತಾರೆ. ಕಿವಿಯಲ್ಲಿನ್ನೂ ಗುಂಯ್ ಅನ್ನುತ್ತಿರುತ್ತದೆ. ಪಕ್ಕದಲ್ಲೇ ಇದ್ದರೂ “ನಿಮ್ಮದು ಯಾವ ಏರಿಯಾ?” ಎಂದು ಕಿರುಚಿ ಕೇಳಬೇಕು. ಆಟೋದವನು ಒಂದೂವರೆ ಮೀಟರ್ ಕೇಳುತ್ತಾನೆ, ಇಬ್ಬರೂ ಸೇರಿ ಅವನೊಡನೆ ಚೌಕಾಸಿ ಮಾಡುತ್ತಾರೆ. ಸಂಜೆಯಿಂದ ಇಬ್ಬರೂ ಒಂದೇ ಪಕ್ಷದಲ್ಲಿ ನಿಂತು ಮಾತಾಡಿದ್ದು ಅದೇ ಮೊದಲು.

ಆದ್ದರಿಂದ ವಿನಂತಿ ಇಷ್ಟೇ: ಗದ್ದಲ ಮುಗಿದ ಮೇಲೆ ಬನ್ನಿ. ತಾವು ಅನಂಗರು, ಗೇಟಿನಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಳ್ಳುವ ಗೋಜೂ ಇಲ್ಲ. ಐದೂ ಬಾಣ ಬೇಡ, ಮಾವಿನ ಹೂವಿನದೊಂದು ಸಾಕು. ಮೊದಲು ಆ ಪರೀಕ್ಷಕನ ಬಾಯಿಗೆ ಬಿಡಿ.

ಇಂತಿ,
ಕೊನೆಯ ಮೆಟ್ರೊ ತಪ್ಪಿಸಿಕೊಂಡವರು