ಬಾಡಿಗಿನೇ ಕಂತು ಕಟ್ತೈತಂತೆ!

‘ಬಾಡಿಗಿನೇ ಕಂತು ಕಟ್ಕೊಂಡು ಹೋಗ್ತೈತಿ, ಅಳಿಯಾ. ನೀ ಸುಮ್ನೆ ಸಹಿ ಹಾಕು.’

ಈ ಮಾತು ಹೇಳಿದ ಮಾವಂದಿರನ್ನೆಲ್ಲ ನಿಲ್ಲಿಸಿದರೆ ಬೊಮ್ಮನಹಾಳಿನಿಂದ ಬಳ್ಳಾರಿಯವರೆಗೆ ಸಾಲು ಮುಟ್ಟುತ್ತದೆ. ಅವರಲ್ಲಿ ಒಬ್ಬರೂ ಬ್ಯಾಂಕಿನಲ್ಲಿ ಸಾಲ ಎತ್ತಿ ಮನೆ ಕೊಂಡು ಬಾಡಿಗೆಗೆ ಬಿಟ್ಟವರಲ್ಲ. ಇವರ ಮನೆ ಇವರಪ್ಪ ಕಟ್ಟಿಸಿದ್ದು. ಬಡ್ಡಿ ಇವರು ಕಟ್ಟಿ ಗೊತ್ತಿಲ್ಲ, ವಸೂಲಿ ಮಾಡಿಯಷ್ಟೇ ಗೊತ್ತು.

ಹುಡುಗ ಬೆಂಗಳೂರಿನ ಕಂಪನಿಯಲ್ಲಿ. ಹುಡುಗಿಯೂ ಅಲ್ಲೇ. ಇಬ್ಬರೂ ಬಾಡಿಗೆ ಮನೆಯಲ್ಲಿ. ಬೆಂಗಳೂರಿನಲ್ಲಿ ಕೊಳ್ಳಲು ಕೈ ಎಟುಕದು. ಊರಲ್ಲಿ ಕೊಂಡರೆ ಬಾಡಿಗೆಗೆ ಬರುವವರಿಲ್ಲ. ಹಾಗಾಗಿ ಬಳ್ಳಾರಿ. ಸರ್ಕಾರಿ ಆಸ್ಪತ್ರೆಯ ನರ್ಸುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ಜಿಂದಾಲ್ ಉಕ್ಕಿನ ಕಾರ್ಖಾನೆಗೆ ಹೋಗಿಬರುವವರಿದ್ದಾರೆ, ಮನೆ ಖಾಲಿ ಬೀಳುವ ಮಾತೇ ಇಲ್ಲವಂತೆ. ಇರುವ ಊರಲ್ಲಿ ಮನೆಯಿಲ್ಲ, ಮನೆಯಿರುವ ಊರಲ್ಲಿ ಇವರಿಲ್ಲ. ಇದಕ್ಕೆ ‘ಸೆಟ್ಲ್ ಆಗೋದು’ ಅಂತಾರೆ.

ಮಾವಂದಿರು ಮಾಡದ ಲೆಕ್ಕ ನಾವೇ ಮಾಡೋಣ.

ಮನೆಯ ಬೆಲೆ 50 ಲಕ್ಷ ಅನ್ನಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆ ಬೆಲೆಯ ಶೇ. 80 ಮೀರುವಂತಿಲ್ಲ. ಅಂದರೆ ಸಾಲ 40 ಲಕ್ಷ. ಶೇ. 8.5ರ ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 34,700.

ಬಾಡಿಗೆ? ನಮ್ಮ ದೇಶದಲ್ಲಿ ವರ್ಷದ ಬಾಡಿಗೆ ಮನೆಯ ಬೆಲೆಯ ಶೇ. 2ರಿಂದ 4ರ ಒಳಗೇ ಕುಂಟುತ್ತದೆ. ಶೇ. 3 ಹಿಡಿಯಿರಿ. ತಿಂಗಳಿಗೆ 12,500.

ಉಳಿದ 22,200 ಯಾರು ಕಟ್ಟುತ್ತಾರೆ? ಮಾವ?

ಮೊದಲ ಕಂತಿನಲ್ಲಿ 28,300 ರೂಪಾಯಿ ಬರೀ ಬಡ್ಡಿ. ಅಸಲಿಗೆ ಹೋಗುವುದು 6,400. ಬಾಡಿಗೆ ಬಡ್ಡಿಯ ಅರ್ಧವನ್ನೂ ಮುಟ್ಟಲಿಲ್ಲ, ಕಂತಿನ ಮಾತು ಬಿಡಿ. 20 ವರ್ಷ ಮುಗಿಯುವಾಗ 40 ಲಕ್ಷಕ್ಕೆ 83 ಲಕ್ಷ ಕಟ್ಟಿರುತ್ತಾರೆ. ನಡುವೆ ಸುಣ್ಣ ಬಣ್ಣ, ಮೋಟರ್ ರಿಪೇರಿ, ಮನೆ ಕಂದಾಯ. ಬೀಗ ಬಿದ್ದ ತಿಂಗಳುಗಳು ಬೇರೆ. ಮನೆಗೆ ಬೀಗ ಬಿದ್ದರೂ ಕಂತಿಗೆ ರಜೆಯಿಲ್ಲ.

ಕೈಯಿಂದ ಹಾಕಬೇಕಾದ 10 ಲಕ್ಷ ಎಲ್ಲಿಂದ? ಅಪ್ಪನ ಹೊಲದಿಂದ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರು ಕುಡಿದು ಭತ್ತ ಕೊಟ್ಟ ಹೊಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದೇ ತಡ, ಮಾವಂದಿರಿಗೆ ಇನ್ನೊಂದು ಮಾತು ಸಿಕ್ಕಿತು. ‘ನೀರಿನ ನಂಬಿಕಿ ಇಲ್ಲ, ಹೊಲ ಮಾರು.’ ನೀರನ್ನು ನಂಬಬಾರದು. ಬಾಡಿಗೆದಾರನನ್ನು 20 ವರ್ಷ ನಂಬಬೇಕು.

ಹೊಲ ಮಾರುವುದಾದರೂ ಸುಲಭವೇ? ಉಳುವವನು ಅಪ್ಪ, ಪಾಸ್‌ಪುಸ್ತಕದ ಮೇಲೆ ನಗುತ್ತಿದ್ದವರು ಆಂಧ್ರದ ಹಿಂದಿನ ಮುಖ್ಯಮಂತ್ರಿ. ಸರ್ಕಾರ ಬದಲಾಯಿತು, ಫೋಟೊ ಹೋಯಿತು, ರಾಜ್ಯದ ಲಾಂಛನ ಬಂತು. ಹೊಸ ಪುಸ್ತಕಕ್ಕೆ ಮತ್ತೆ ಅಲೆದಾಟ. ಪಕ್ಕದ ಓಬಳಾಪುರದಲ್ಲಿ ಎರಡು ರಾಜ್ಯಗಳ ಗಡಿ ಗುರುತನ್ನೇ ಗಣಿಯವರು ಅಳಿಸಿದರೆಂಬ ಆರೋಪ ಕೇಳಿದ ಸೀಮೆ ಇದು. ಆಗ ಗಡಿಯ ಕಲ್ಲು ಕಾಯಲು ಯಾರೂ ಇರಲಿಲ್ಲ. ರೈತನ ಬದುವಿನ ಕಲ್ಲಿಗೆ ಮಾತ್ರ ಮುಖ್ಯಮಂತ್ರಿಯ ಫೋಟೊ ಸಮೇತ ಕಾವಲು ಸಿಕ್ಕಿತು.

ನಮ್ಮ ಹಣೆಬರಹವೂ ಹಾಗೇ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು, ನಮ್ಮ ರಾಯದುರ್ಗ ಆಂಧ್ರಕ್ಕೆ ಸೇರಿತು. ಅಂದಿನಿಂದ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಅನಂತಪುರದಲ್ಲಿ ನಾವು ಕನ್ನಡದವರು. ಬೆಂಗಳೂರಿನಲ್ಲಿ ಮನೆ ಕೇಳಲು ಹೋದರೆ ‘ಓ, ಆಂಧ್ರದವರಾ?’

ಎರಡು ರಾಜ್ಯಗಳೂ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರು. ಆಂಧ್ರದಲ್ಲಿ ಮುದ್ರಾಂಕ, ವರ್ಗಾವಣೆ ಸುಂಕ, ನೋಂದಣಿ ಸೇರಿ ಶೇ. 7.5. ಕರ್ನಾಟಕ ಹಿಂದೆ ಬಿದ್ದೀತೇ? 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ 2ಕ್ಕೆ ಏರಿಸಿತು. 45 ಲಕ್ಷ ದಾಟಿದ ಮನೆಗೆ ಈಗ ನಗರದಲ್ಲಿ ಒಟ್ಟು ಶೇ. 7.6. ಆಲಮಟ್ಟಿ ನೀರಿಗೆ ಹೊಡೆದಾಡುವವರು ಇದರಲ್ಲಿ ಸೊನ್ನೆ ಪಾಯಿಂಟು ಒಂದರಷ್ಟು ಹತ್ತಿರ. 50 ಲಕ್ಷಕ್ಕೆ 3 ಲಕ್ಷ 80 ಸಾವಿರ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಹೊಲದ ಇನ್ನೊಂದು ತುಂಡು ಉಳಿದಿದೆಯೇ ನೋಡಿ.

ಇನ್ನು ಮನೆ ಮಾರುವವರು. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ದೇಶದ ಭ್ರಷ್ಟಾಚಾರ. ಟೀ ಮುಗಿಯುವಷ್ಟರಲ್ಲಿ ದನಿ ಇಳಿಯುತ್ತದೆ. ‘ರಿಜಿಸ್ಟ್ರೇಷನ್ ಗೈಡೆನ್ಸ್ ವ್ಯಾಲ್ಯೂಗೆ ಇರ್ಲಿ. ಉಳಿದದ್ದು ಕ್ಯಾಶ್.’ ಸ್ಥಿರಾಸ್ತಿ ಮಾರಾಟದಲ್ಲಿ 20 ಸಾವಿರ ಮುಟ್ಟಿದ ಹಣವನ್ನು ನಗದಾಗಿ ಪಡೆಯಬಾರದೆಂದು 2015ರಿಂದ ಕಾನೂನಿದೆ. ಬ್ಯಾಂಕಿಗೆ ಪತ್ರದಲ್ಲಿ ಬೆಲೆ ಹೆಚ್ಚು ತೋರಿಸಬೇಕು, ಇವರಿಗೆ ಕಡಿಮೆ ತೋರಿಸಬೇಕು. ನಡುವೆ ಬ್ರೋಕರ್. ಅವನೊಬ್ಬನೇ ಇಲ್ಲಿ ಪ್ರಾಮಾಣಿಕ. ಕಮಿಷನ್ ಎಂದೇ ಕೇಳಿ ತೆಗೆದುಕೊಳ್ಳುತ್ತಾನೆ.

‘ಟ್ಯಾಕ್ಸ್ ಉಳಿತೈತಲ್ಲ!’ ಯಾವ ಕಾಲದ ಮಾತು? ಬಡ್ಡಿಯಿಂದಾದ ನಷ್ಟವನ್ನು ಸಂಬಳದಲ್ಲಿ ಕಳೆದು ತೋರಿಸುವುದು ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ, ಅದೂ ವರ್ಷಕ್ಕೆ 2 ಲಕ್ಷದವರೆಗೆ. ಹೊಸ ಪದ್ಧತಿಯಲ್ಲಿ ಆ ದಾರಿಯೇ ಇಲ್ಲ. ಹುಡುಗ ಹುಡುಗಿ ಇಬ್ಬರೂ ಹೊಸ ಪದ್ಧತಿಯಲ್ಲಿದ್ದಾರೆ.

‘ಬೆಲೆ ಏರ್ತೈತಿ ಬಿಡು.’ ಏರಬಹುದು. ಅದಿರಿನ ಕಾಲದಲ್ಲೂ ಬಳ್ಳಾರಿಯಲ್ಲಿ ಹೀಗೇ ಅಂದಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು.

ಇಷ್ಟಾಗಿಯೂ ಜೋಡಿ ಮನೆ ಕೊಂಡಿತು. ಪಾಪ ಎನ್ನಬೇಡಿ, ತಾಳಿ. ಇವರು ಈಗ ಓನರ್.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಡುವಾಗ ‘ಹಗಲುದರೋಡೆ’ ಎಂದಿದ್ದರು. ಎರಡು ತಿಂಗಳಿಗಿಂತ ಹೆಚ್ಚು ಕೇಳಬಾರದೆಂದು ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯನ್ನು ಫೋನಿನಲ್ಲಿ ಎಲ್ಲರಿಗೂ ಕಳಿಸಿದ್ದರು. ಈಗ ಅದೇ ಫೋನಿನಲ್ಲಿ ಬ್ರೋಕರ್‌ಗೆ ಹೇಳುತ್ತಾರೆ: ‘ಆರು ತಿಂಗಳದ್ದು ಬೇಕೇ ಬೇಕು. ಅದು ಮಾದರಿ ಅಷ್ಟೇ, ರಾಜ್ಯ ಒಪ್ಪಿದ್ರೆ ತಾನೇ?’ ಕಾನೂನಿನ ಜ್ಞಾನ ಎಷ್ಟು ಬೇಗ ಬೆಳೆಯುತ್ತದೆ ನೋಡಿ.

ಬೆಂಗಳೂರಿನ ಓನರ್ ‘ನೀವು ಯಾವ ಜನ?’ ಎಂದು ಕೇಳಿದ್ದಕ್ಕೆ ಹುಡುಗಿ ರಾತ್ರಿಯಿಡೀ ಅತ್ತಿದ್ದಳು. ಬಳ್ಳಾರಿಯ ಮನೆ ನೋಡಲು ಬಂದ ನರ್ಸಮ್ಮನಿಗೆ ಅವಳು ಹಾಗೆಲ್ಲ ಕೇಳಲಿಲ್ಲ. ವಿದ್ಯಾವಂತೆ. ‘ಅಡುಗೆ ಹೆಂಗೆ ನಿಮ್ದು?’ ಎಂದಷ್ಟೇ ಕೇಳಿದಳು.

ನರ್ಸಮ್ಮ ಹೋದರು. ಬ್ಯಾಂಕಿನವರೊಬ್ಬರು ಬಂದರು. ಹನ್ನೊಂದು ತಿಂಗಳ ಕರಾರು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಲ್ಲ, ಇಡೀ ದೇಶಕ್ಕೆ ಹನ್ನೊಂದೇ ತಿಂಗಳ ವರ್ಷ. ಸಹಿ ಆಯಿತು. ಬಾಡಿಗೆದಾರರು ಮೆಲ್ಲಗೆ ಕೇಳಿದರು: ‘ಎಚ್‌ಆರ್‌ಎಗೆ ರಶೀದಿ ಬೇಕಿತ್ತು ಸರ್. ವರ್ಷಕ್ಕೆ ಲಕ್ಷ ದಾಟುತ್ತಲ್ಲ, ನಿಮ್ಮ ಪ್ಯಾನ್ ನಂಬರ್...’

ಹಳೆ ಪದ್ಧತಿಯಲ್ಲಿದ್ದಾಗ ಇದೇ ಪ್ಯಾನ್ ನಂಬರಿಗಾಗಿ ತನ್ನ ಓನರ್ ಬಾಗಿಲಲ್ಲಿ ನಿಂತು ‘ಟ್ಯಾಕ್ಸ್ ಕಳ್ಳ’ ಎಂದು ಕೂಗಾಡಿ ಬಂದಿದ್ದ ಹುಡುಗ ಕನ್ನಡಕ ಸರಿಮಾಡಿಕೊಂಡ.

‘ಅದೆಲ್ಲ ಯಾಕೆ ಸರ್? ಬಾಡಿಗೆ ಕ್ಯಾಶ್ ಕೊಟ್ಬಿಡಿ. ಐನೂರು ಕಮ್ಮಿ ಮಾಡ್ಕೊಳ್ಳೋಣ.’