ಸ್ಪೆಲ್ ಎಂಬ ಮಾಯಾವಿ

ಮಾಟಗಾತಿಯ ಬಾಯಲ್ಲಿ ಮಂತ್ರ, ಮೇಷ್ಟರ ಬಾಯಲ್ಲಿ ಕಾಗುಣಿತ, ಹವಾಮಾನ ವರದಿಯಲ್ಲಿ ಮಳೆ ಕೈಕೊಟ್ಟ ದಿನಗಳು. ಇಂಗ್ಲಿಷಿನ ‘ಸ್ಪೆಲ್’ಗೆ ಊರೆಲ್ಲ ನೆಂಟರು!

ಹಳೆಯ ಇಂಗ್ಲಿಷಿನಲ್ಲಿ ಅದು ಬರೀ ಮಾತು, ಕತೆ. ‘ಗಾಸ್ಪೆಲ್’ನ ಬಾಲದಲ್ಲಿ ಕೂತಿರುವುದೂ ಅದೇ. ಹವಾಮಾನದ ಮತ್ತು ಕ್ರಿಕೆಟ್ಟಿನ ಸ್ಪೆಲ್ ಮಾತ್ರ ಬೇರೆ ಮನೆತನದ್ದು: ಒಬ್ಬರ ಬದಲು ಇನ್ನೊಬ್ಬರು ಕೆಲಸಕ್ಕೆ ನಿಲ್ಲುವ ಪಾಳಿ. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ 74 ರನ್ನಿಗೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಅದು ಪಾಳಿಯೋ ಮಾಟವೋ, ಬ್ಯಾಟ್ಸ್‌ಮನ್‌ಗಳನ್ನೇ ಕೇಳಬೇಕು.

ಅಮೆರಿಕದಲ್ಲಂತೂ ಅಕ್ಷರ ಜೋಡಿಸುವುದೇ ಟಿವಿ ಪಂದ್ಯ. 1985ರಲ್ಲಿ ಬಾಲು ನಟರಾಜನ್ ಆ ‘ಸ್ಪೆಲಿಂಗ್ ಬೀ’ ಗೆದ್ದು ಭಾರತೀಯ ಮೂಲದ ಮಕ್ಕಳಿಗೆ ಬಾಗಿಲು ತೆರೆದರು. 2019ರಲ್ಲಿ ಸಂಘಟಕರ ಬಳಿ ಕಠಿಣ ಪದಗಳೇ ಮುಗಿದು, ಎಂಟು ಮಕ್ಕಳನ್ನು ಜಂಟಿ ವಿಜೇತರೆಂದು ಸಾರಬೇಕಾಯಿತು. ಅವರಲ್ಲಿ ಏಳು ಮಂದಿ ಭಾರತೀಯ ಮೂಲದವರು.